ಜೌಗುಗುಡ್ಡಕ್ಕೆ ಮಣೆ ಹೊತ್ತ ದುಂಡವ್ವ

ಗುಡ್ಡಗಳು ತಮ್ಮತಮ್ಮಲ್ಲೇ ಎತ್ತರಕ್ಕಾಗಿ ಜಗಳವಾಡುತ್ತಿದ್ದ ಕಾಲದಲ್ಲಿ ಹೊನ್ನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಒಂದು ವಿಚಿತ್ರ ಕಟ್ಟಳೆ. ಎಲ್ಲಕ್ಕಿಂತ ಎತ್ತರದ ಗುಡ್ಡದ ಮೇಲೆ ಯಾರ ಮನೆಯೋ, ರಾಜ್ಯವೂ ಅವರದೇ. ಅರಮನೆಯ ಗುಡ್ಡ ನೂರು ಕೋಲು ಎತ್ತರವಿತ್ತು. ಹಾಗಾಗಿ ರಾಜ ನಿಶ್ಚಿಂತೆಯಿಂದ ಆಳುತ್ತಿದ್ದ, ಮಧ್ಯಾಹ್ನದ ನಿದ್ದೆಯನ್ನೂ ತಪ್ಪಿಸುತ್ತಿರಲಿಲ್ಲ.

ಆಗ ಮಬ್ಬಯ್ಯನೆಂಬ ಮಾಂತ್ರಿಕ ಬಂದು ಪಕ್ಕದ ಜೌಗುಗುಡ್ಡದ ನೆತ್ತಿಯಲ್ಲಿ ಗುಡಿಸಲು ಹಾಕಿದ. "ಅಳೆದು ನೋಡಿ" ಅಂದ. ಅರಮನೆಯ ಅಳತೆಗಾರ ಕೆಂಚಪ್ಪ ಅಳೆದ. ನೂರ ಮೂರು ಕೋಲು! ಕಿರೀಟ ಮಬ್ಬಯ್ಯನ ತಲೆಗೇರಿತು. ಮರುದಿನದಿಂದ ಅವನು ಬಿಸಿಲನ್ನು ಚಾಪೆಯ ಹಾಗೆ ಸುತ್ತಿ ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಊರಲ್ಲಿ ಬಟ್ಟೆ ಒಣಗಲಿಲ್ಲ, ಹಪ್ಪಳ ಒಣಗಲಿಲ್ಲ, ಮಕ್ಕಳ ಮೂಗೂ ಒಣಗಲಿಲ್ಲ.

ಮತ್ತೊಮ್ಮೆ ಅಳೆಯಲು ಅವಕಾಶವೇನೋ ಇತ್ತು. ಆದರೆ ಮತ್ತೆ ನೂರ ಮೂರೇ ಬಂದರೆ ಅಳೆದವರು ಕೊಕ್ಕರೆಯಾಗಬೇಕೆಂದು ಮಬ್ಬಯ್ಯ ಮಂತ್ರ ಹಾಕಿದ್ದ. ಅನುಮಾನ ತಡೆಯಲಾರದೆ ಮೊದಲು ಹೋದವನು ಕೆಂಚಪ್ಪನೇ. ಅವನು ತಿರುಗಿ ಬರಲಿಲ್ಲ. ಅವನ ಹಿಂದೆ ಹೋದ ಇಬ್ಬರೂ ಬರಲಿಲ್ಲ.

ಕೆಂಚಪ್ಪನ ಮಗಳು ದುಂಡವ್ವ ಅಪ್ಪನ ಕೈಕೆಳಗೇ ಅಳತೆ ಕಲಿತವಳು. ಒಂದು ಬೆಳಿಗ್ಗೆ ಅವಳು ಅಳತೆಗೋಲು, ನಾಲ್ಕು ರೊಟ್ಟಿ, ಅಪ್ಪ ಊಟಕ್ಕೆ ಕೂರುತ್ತಿದ್ದ ಮಣೆ ಎತ್ತಿಕೊಂಡು ಹೊರಟಳು.

"ಗುಡ್ಡಕ್ಕೆ ಮಣೆ ಯಾಕೇ?" ಅಂದಳು ಅವ್ವ.

"ಅಪ್ಪ ಸಿಕ್ಕರೆ ಕೂರಿಸಿ ಊಟ ಹಾಕೋದು ಬೇಡವಾ? ಕೆಸರಲ್ಲಿ ಕೂರ್ತಾನಾ ಅವನು?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಉಪ್ಪಿನಕಾಯಿಯನ್ನೂ ಕಟ್ಟಿಕೊಟ್ಟಳು.

ಅಳೆಯುವ ಬಗೆ ಹೀಗಿತ್ತು. ಬುಡದಲ್ಲಿ ಕೋಲು ನಿಲ್ಲಿಸಿ, ಅದರ ತುದಿಗೆ ಕಣ್ಣಿಟ್ಟು ಗುಡ್ಡದ ಕಡೆ ನೇರ ನೋಡಬೇಕು. ನೋಟ ತಾಗಿದ ಜಾಗ ಒಂದು ಕೋಲು ಮೇಲೆ. ಅಲ್ಲಿಗೆ ನಡೆದು ಮತ್ತೆ ಕೋಲು ನಿಲ್ಲಿಸಬೇಕು. ಕೋಲಿನ ಕೆಳಗೆ ಬರಿ ಮಣ್ಣಿರಬೇಕೇ ಹೊರತು ಒಂದು ಎಲೆಯೂ ಇರಬಾರದು. ಅದು ಅಳತೆಗಾರರ ನೇಮ.

ದುಂಡವ್ವ ಮೊದಲ ಕೋಲು ಊರಿದಳೋ ಇಲ್ಲವೋ, ಎಮ್ಮೆಕರುವಿನಷ್ಟು ದೊಡ್ಡ ಕಪ್ಪೆ ಕೆಸರಿನಿಂದೆದ್ದು ಅವಳ ಕಾಲು ಹಿಡಿಯಿತು.

"ಈ ಗುಡ್ಡದಲ್ಲಿ ಎಲ್ಲಿ ಬೇಕಾದರೂ ಮಲಗ್ತೀನಿ, ನೆಲಕ್ಕಿಂತ ಒಂದು ಗೇಣು ಕೆಳಗೆ. ಬಂದವರೆಲ್ಲ ನನ್ನ ನೆತ್ತಿಗೇ ಕುಟ್ಟುತ್ತೀರಲ್ಲ! ಇನ್ನು ಕುಟ್ಟಿದವರನ್ನ ನುಂಗೋದೇ!"

ದುಂಡವ್ವ ಹೆದರಿದಳು, ಆದರೆ ತೋರಿಸಲಿಲ್ಲ. "ತಪ್ಪಾಯ್ತು ಕಪ್ಪೆಯಣ್ಣ, ಮೊದಲು ಊಟ ಮಾಡು" ಎಂದು ಎರಡು ರೊಟ್ಟಿ ಕೊಟ್ಟಳು. ಕಪ್ಪೆ ಕಾಲು ಬಿಟ್ಟಿತು.

ಐವತ್ತು ಕೋಲು ಏರುವಷ್ಟರಲ್ಲಿ ಮಂಜಿನ ಎಮ್ಮೆ ಅಡ್ಡ ಬಂತು. ಗುಡ್ಡ, ದಾರಿ, ಕೋಲಿನ ತುದಿ ಒಂದೂ ಕಾಣದು. ದುಂಡವ್ವ ಹೆದರಿದಳು, ಆದರೆ ತೋರಿಸಲಿಲ್ಲ. ಅದರ ಕೂಗು ಕೇಳಿದರೆ ಕೆಚ್ಚಲು ಬಿಗಿದ ಎಮ್ಮೆಯ ಕೂಗೇ. "ಪಾಪ, ನಿನ್ನನ್ನ ಯಾರೂ ಕರೆದೇ ಇಲ್ಲವಲ್ಲೇ!" ಎಂದು ಮಣೆ ಹಾಕಿ ಕೂತು ಹಾಲು ಕರೆದಳು. ಮಂಜೆಲ್ಲ ಹಾಲಾಗಿ ಹರಿದುಹೋಯಿತು. ಎಮ್ಮೆ ಹಗುರವಾಗಿ ಆಕಾಶಕ್ಕೆ ನಡೆಯಿತು.

ಈಗ ಕೆಳಗಿನ ದಾರಿ ನಿಚ್ಚಳವಾಗಿ ಕಂಡಿತು. ಅವಳು ಕೋಲು ಊರಿದ ಕಡೆಯೆಲ್ಲ ಒಂದು ಗೇಣು ಆಳದ ತೂತು, ಪ್ರತಿ ಸಲವೂ ಕೋಲು ಅಷ್ಟು ಹೂತುಹೋಗಿತ್ತು. ಕಪ್ಪೆಯ ನೆತ್ತಿ ನೆನಪಾಯಿತು. ಕೂತಿದ್ದ ಮಣೆ ನೋಡಿದಳು. ಅದು ಬೆರಳಷ್ಟೂ ಇಳಿದಿರಲಿಲ್ಲ. ದುಂಡವ್ವ ಗಟ್ಟಿಯಾಗಿ ನಕ್ಕಳು, ಪೂರ್ತಿ ಬುಡಕ್ಕೆ ಇಳಿದು, ಕೆಸರಿನ ಮೇಲೆ ಮಣೆ ಹಾಕಿದಳು.

ಅಷ್ಟರಲ್ಲಿ ಮೂರು ಕೊಕ್ಕರೆಗಳು ಹಾರಿಬಂದು ಮಣೆಯನ್ನು ಸುತ್ತುವರಿದವು. ಮುಂದಿನದರ ಕತ್ತು ಅಪ್ಪನ ಕತ್ತಿನ ಹಾಗೆ ಎಡಕ್ಕೆ ವಾಲಿತ್ತು.

"ನೇಮ ತಪ್ಪಬೇಡ ಮಗಳೇ! ಬರಿ ಮಣ್ಣಿನ ಮೇಲೆ ಇಡು!"

ಹುಟ್ಟಿದ ಮೇಲೆ ದುಂಡವ್ವ ಅಪ್ಪನ ಮಾತು ಮೀರಿದವಳಲ್ಲ. "ನೇಮ ಮಾಡಿದವರು ಗಟ್ಟಿ ನೆಲದವರು ಅಪ್ಪಾ. ಅವರು ಕೆಸರು ಕಂಡಿರಲಿಲ್ಲ" ಎಂದು ಅವನ ತೆಳ್ಳನೆಯ ಕಾಲು ಮುಟ್ಟಿ ನಮಸ್ಕರಿಸಿದಳು. ಆಮೇಲೆ ಮಣೆಯ ಮೇಲೆ ಕೋಲು ನಿಲ್ಲಿಸಿದಳು.

ಪ್ರತಿ ಕೋಲಿಗೂ ಮಣೆ ಎತ್ತಿ ಹಾಕುತ್ತಾ, ಅದರ ದಪ್ಪವನ್ನೂ ಸೇರಿಸಿ ಎಣಿಸುತ್ತಾ ನೆತ್ತಿ ಮುಟ್ಟಿದಳು.

"ತೊಂಬತ್ತೊಂದು ಕೋಲು, ನಾಲ್ಕು ಬೆರಳು!"

ಮಬ್ಬಯ್ಯ ಕಿರೀಟ ಸರಿಮಾಡಿಕೊಳ್ಳುತ್ತಾ ಓಡಿಬಂದ. "ಮೋಸ! ಬರಿ ಮಣ್ಣಿಗೆ ಹೀಗೆ ಊರಬೇಕು!" ಎಂದು ಕೋಲು ಕಸಿದು ಬಲವಾಗಿ ಊರಿದ. ಕೋಲು ಒಂದು ಗೇಣು ಒಳಗೆ ಹೋಯಿತು.

"ಒಳಗೆ ಹೋದ ಗೇಣನ್ನ ಎತ್ತರಕ್ಕೆ ಹೇಗೆ ಸೇರಿಸ್ತೀಯಯ್ಯಾ?" ಅಂದಳು ದುಂಡವ್ವ.

ಅವನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ "ಮತ್ತೆ ನನ್ನ ನೆತ್ತಿಗೇನಾ!" ಎಂಬ ಕೂಗು ಕೇಳಿಸಿತು. ಗುಳುಂ! ಕಿರೀಟವನ್ನು ಮಾತ್ರ ಕಪ್ಪೆ ಉಗುಳಿತು.

ಗುಡಿಸಲಿನಿಂದ ಬಿಸಿಲಿನ ಚಾಪೆ ತಾನಾಗಿ ಬಿಚ್ಚಿಕೊಂಡು ಗುಡ್ಡ ಇಳಿಯಿತು, ಊರಿನ ಹಪ್ಪಳಗಳವರೆಗೂ ಹಾಸಿಕೊಂಡಿತು. ಮೂರು ಕೊಕ್ಕರೆಗಳು ಮೊಣಕಾಲವರೆಗೆ ಕೆಸರು ಮೆತ್ತಿದ ಮೂವರು ಗಂಡಸರಾದವು.

ದುಂಡವ್ವ ಮಣೆ ಒರೆಸಿ ಅಪ್ಪನನ್ನು ಕೂರಿಸಿದಳು. ಉಳಿದ ಎರಡು ರೊಟ್ಟಿಯನ್ನು ಮೂವರಿಗೂ ಹಂಚಿದಳು. ಕೆಂಚಪ್ಪ ತನ್ನ ಪಾಲನ್ನು ಕೊನೆಯ ಚೂರಿನವರೆಗೂ ಅಗಿದ.

"ಆ ನಾಲ್ಕು ಬೆರಳು ಸರಿಯಾಗಿ ನೋಡಿದೆಯಾ?" ಅಂದ ಕೊನೆಗೆ.

"ಎರಡು ಸಲ ನೋಡಿದೆ ಅಪ್ಪಾ."

"ಹಾಗಾದರೆ ಸರಿ" ಎಂದು ಅವನು ಅವಳ ತಲೆ ಸವರಿದ. ಅವಳು ಆಗ ಅತ್ತಳು.

ರಾಜನಿಗೆ ಕಿರೀಟವೂ ಮಧ್ಯಾಹ್ನದ ನಿದ್ದೆಯೂ ವಾಪಸು ಸಿಕ್ಕವು. ಹೊನ್ನಗಿರಿಯ ಅಳತೆಗಾರರು ಅಂದಿನಿಂದ ಎಲ್ಲಿಗೆ ಹೊರಟರೂ ಒಂದು ಮಣೆ ಹೊತ್ತೇ ಹೊರಡುತ್ತಾರೆ. ಅಳೆಯುವಾಗ ಅದರ ಮೇಲೆ ಕೋಲು, ಹಸಿವಾದಾಗ ಅದರ ಮೇಲೆ ಅವರು.