ನಲವತ್ತು ಕಂಬಳಿ ತಿಂದ ಹುಳ

ಮಕ್ಕಳ ಆಸ್ಪತ್ರೆಯ ಉಗ್ರಾಣದಲ್ಲಿ ಕಪಾಟು ಬಣಗುಟ್ಟುತ್ತಿತ್ತು. ಚಳಿಗಾಲಕ್ಕೆಂದು ತರಿಸಿದ್ದ ನಲವತ್ತು ಹೊಸ ಉಣ್ಣೆ ಕಂಬಳಿಗಳಲ್ಲಿ ಒಂದೂ ಇರಲಿಲ್ಲ! ಎರಡು ದಿನದ ರಜೆ ಮುಗಿಸಿ ಬಂದ ಉಗ್ರಾಣದಾಕೆ ಬಾಗಿಲಲ್ಲೇ ನಿಂತುಬಿಟ್ಟಳು.

"ಹುಳ ತಿಂದುಹಾಕಿವೆ," ಎಂದ ಹಿಂದೆಯೇ ಬಂದ ಮೇಲ್ವಿಚಾರಕ. "ಚಿಂದಿಯನ್ನೆಲ್ಲ ಸುಡಿಸಿದೆ. ಸಾಕ್ಷಿಗೆ ತೂತುಬಿದ್ದ ಒಂದು ತುಂಡು, ಸೀಸೆಯಲ್ಲಿ ಹುಳ ಇಟ್ಟಿದ್ದೀನಿ. ನುಸಿಗುಳಿಗೆ ಇಡೋದು ನಿಮ್ಮ ಕೆಲಸ ಅಲ್ವೇನ್ರೀ? ನಾಳೆಯಿಂದ ಬರಬೇಡಿ."

"ಇಟ್ಟಿದ್ದೆ ಸಾರ್! ನಾನೇ—"

"ಹುಳ ಸುಳ್ಳು ಹೇಳುತ್ತಾ?"

ಹತ್ತೊಂಬತ್ತು ವರ್ಷ ಒಂದು ಟವೆಲ್ಲೂ ಕಳೆಯದಂತೆ ಕಾದವಳಿಗೆ ಈ ಮಾತು! ಅವಳ ಮೈಯೆಲ್ಲ ಉರಿದುಹೋಯಿತು. ಅಳಲಿಲ್ಲ. ದಡದಡನೆ ಚಿಕ್ಕಪ್ಪನ ಮನೆಗೆ ನಡೆದಳು. ಆತ ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ಹುಳಗಳ ಹಿಂದೆಯೇ ಬಿದ್ದಿದ್ದವ. ಬೀದಿಯವರ ಬಾಯಲ್ಲಿ 'ಹುಳದಪ್ಪ'.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮೇಲ್ವಿಚಾರಕನ ಮೇಜಿನ ಮುಂದಿದ್ದರು. ಚಿಕ್ಕಪ್ಪ ಭೂತಗನ್ನಡಿ ಹಿಡಿದು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇವನ್ನ ಹೆಕ್ಕಿದ್ದು ಯಾರು?"

"ನಾನೇ. ಕಂಬಳಿ ಮಡಿಕೆಯೊಳಗಿಂದ."

"ಬೇರೆ ಯಾರೂ ಸೀಸೆ ಮುಟ್ಟಿಲ್ಲ?"

"ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಯಾಕೆ?"

ಚಿಕ್ಕಪ್ಪ ಎದ್ದು ಆಸ್ಪತ್ರೆಯ ಅಡುಗೆಮನೆಗೆ ಹೋದ, ಅವಳೂ ಹಿಂಬಾಲಿಸಿದಳು.

"ಗೋಧಿಗೆ ಹುಳ ಬಿದ್ದಿದೆಯೇನಪ್ಪ?"

"ವಾರ ಆಯ್ತು," ಎಂದ ಅಡುಗೆಯವ. "ಮೊನ್ನೆ ಮೇಲ್ವಿಚಾರಕರೇ ಬಂದು ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಂಡು ಹೋದ್ರು. ಪರೀಕ್ಷೆಗೆ ಅಂದ್ರು."

ಚಿಕ್ಕಪ್ಪ ದೊಡ್ಡ ಡಾಕ್ಟರಮ್ಮನನ್ನು ಕರೆತಂದು ಮೇಲ್ವಿಚಾರಕನ ಎದುರಿಗೇ ಕೂರಿಸಿದ.

"ಎಲ್ಲರೂ ಈ ಕಂಬಳಿ ತುಂಡಿನ ತೂತು ನೋಡಿದಿರಿ. ಹುಳದ ಮೂತಿ ಯಾರೂ ನೋಡಲಿಲ್ಲ. ಸೊಂಡಿಲಿನ ಹಾಗಿದೆ—ಕಾಣಿಸ್ತಾ? ಇದು ಕಾಳು ಕೊರೆಯೋ ಹುಳ. ಜೀರುಂಡೆ ಜಾತಿಯಲ್ಲಿ ಒಂದೊಂದಕ್ಕೆ ಒಂದೊಂದು ಊಟ ಡಾಕ್ಟರಮ್ಮ. ಸಗಣಿ ತಿನ್ನೋದು ಬೇರೆ, ಮರ ಕೊರೆಯೋದು ಬೇರೆ, ಗಿಡದ ಹೇನು ತಿನ್ನೋ ಗುಲಗಂಜಿ ಹುಳ ಬೇರೆ. ಉಣ್ಣೆ ತಿನ್ನೋದೂ ಒಂದುಂಟು—ದುಂಡಗೆ, ಬೆನ್ನ ಮೇಲೆ ಚುಕ್ಕೆ. ಕಂಬಳಿ ಕಡಿಯೋದು ಅದರ ಮರಿ. ಅದು ಇಲ್ಲಿ ಒಂದೂ ಇಲ್ಲ! ಇವನ್ನ ಕಂಬಳಿ ಮೇಲೆ ಬಿಟ್ಟರೆ ಹೊಟ್ಟೆಗಿಲ್ಲದೆ ಸಾಯುತ್ತವೆ."

"ಹಾಗಾದ್ರೆ ತೂತು?" ಎಂದರು ಡಾಕ್ಟರಮ್ಮ.

"ಕತ್ತರಿಯದು. ಅಂಚು ಎಷ್ಟು ನೇರ ಇದೆ ನೋಡಿ. ಹುಳ ಅಡುಗೆಮನೆಯ ಗೋಧಿಯದು. ಕಂಬಳಿಯಿಂದ ಹೆಕ್ಕಿದೆ ಅಂತ ಬಾಯಿಬಿಟ್ಟು ಹೇಳಿದವರು—ಇವರೇ. ಕಂಬಳಿ ಎಲ್ಲಿ ಸ್ವಾಮಿ?"

ಮೇಲ್ವಿಚಾರಕನ ಮುಖ ಬಿಳಿಚಿಕೊಂಡಿತು. "ಅದು... ನನ್ನ ಭಾವಮೈದ ಲಾಡ್ಜ್ ತೆರೆದಿದ್ದಾನೆ... ನಾಳೆ ತರಿಸಿಬಿಡ್ತೀನಿ. ನಲವತ್ತು ಕಂಬಳಿಗೆ ಇಷ್ಟೊಂದು ರಂಪ ಯಾಕೆ?"

"ನಲವತ್ತು ಮಕ್ಕಳು ರೀ!" ಉಗ್ರಾಣದಾಕೆಯ ದನಿಗೆ ಕಿಟಕಿಯ ಗಾಜು ಅದುರಿತು. ಡಾಕ್ಟರಮ್ಮ ಆಗಲೇ ಪೊಲೀಸರಿಗೆ ಫೋನು ಹಚ್ಚಿದ್ದರು; ಅವಳು ಮುಂದುವರಿಸಿದಳು. "ಜ್ವರದಲ್ಲಿ ನಡುಗೋ ಮಕ್ಕಳ ಹೊದಿಕೆ ಕಿತ್ತುಕೊಂಡು, ಕಳಂಕ ನನಗೆ ಹಚ್ಚಿದಿರಲ್ಲ! ನಾಳೆಯಲ್ಲ, ಕತ್ತಲಾಗೋ ಮುಂಚೆ ಮೂವತ್ತೊಂಬತ್ತೂ ಇಲ್ಲಿರಬೇಕು. ಕತ್ತರಿಸಿದ್ದು ಒಂದಿದೆಯಲ್ಲ—ಅದಕ್ಕೆ ನೀವು ಹೊದ್ದು ಮಲಗೋದನ್ನ ಒಗೆದು ತನ್ನಿ."