ಮರುಗ ಒಣಗಿಸುವ ಮನೆ

ಹಾಜಿಮ್ ಸಿಕ್ಕಿದ್ದು ಮೂರನೇ ಮಹಡಿಯ ಮೆಟ್ಟಿಲ ಮೇಲೆ. ಹದಿನೈದರ ಹುಡುಗ. ಕಣ್ಣು ತೆರೆದೇ ಇತ್ತು. ಮೈ ಮರಗಟ್ಟಿತ್ತು. ಬೆರಳ ಸಂದಿಯಲ್ಲಿ ಅರ್ಧ ಸುಟ್ಟ, ಕೈಯಲ್ಲೇ ಸುತ್ತಿದ ಸಿಗರೇಟು.

ಆಸ್ಪತ್ರೆಯಿಂದ ಡಾಕ್ಟರು ಇಂಬಾಬಾ ಠಾಣೆಯ ಅಧಿಕಾರಿ ಶಾಹಿನಾಜ್‌ಗೆ ಫೋನ್ ಮಾಡಿದರು.

"ಸ್ಟ್ರಾಕ್ಸ್ ಅನ್ನೋ ಸೇದೋ ಮಾದಕ, ಮೇಡಂ. ಸೊಪ್ಪಿಗೆ ರಾಸಾಯನಿಕ ಸಿಂಪಡಿಸಿ ಮಾಡೋದು. ಒಬ್ಬೊಬ್ಬ ಒಂದೊಂದು ಬೆರೆಸ್ತಾನೆ. ಏನು ಬೆರೆಸಿದ್ದಾರೆ ಅಂತ ಬೇಗ ಗೊತ್ತಾಗಬೇಕು. ಹುಡುಗನಿಗೆ ಫಿಟ್ಸ್ ನಿಲ್ತಾ ಇಲ್ಲ."

* * *

ಮೂಲೆ ಅಂಗಡಿಯ ಸಬ್ರಿಯೇ ಮಾರಿದ್ದು ಎಂದು ಬೀದಿಯೆಲ್ಲ ಹೇಳಿತು. ಅಂಗಡಿ ಜಾಲಾಡಿದರೂ ಏನೂ ಸಿಗಲಿಲ್ಲ.

"ಅವನು ನನ್ನ ಹತ್ರ ಸಿಗರೇಟು ಸುತ್ತೋ ಕಾಗದ ಮಾತ್ರ ತಗೊಳ್ತಿದ್ದ," ಎಂದ ಸಬ್ರಿ. "ತಂಬಾಕು ಬೇಡ್ವೇನೋ, ಗಾಳಿ ಸೇದ್ತೀಯಾ ಅಂದ್ರೆ ನಗ್ತಿದ್ದ."

* * *

ಶಾಹಿನಾಜ್ ಇಬ್ಬರು ಪೇದೆಗಳೊಂದಿಗೆ ಹೋದಾಗ ಹುಡುಗನ ತಾಯಿ ಇನ್ಷಿರಾ ಬಾಗಿಲು ತೆರೆದಳು. ಕಪ್ಪುಡುಗೆಯ ವಿಧವೆ.

"ಆಸ್ಪತ್ರೆಗೆ ಹೋಗಿಲ್ವಾ?"

"ಭಾವ ರಜಬ್, ತಾವು ಬರೋವರೆಗೂ ಮನೆ ಬಿಡಬೇಡ ಅಂದಿದ್ದಾರೆ."

ಕೋಣೆ ತುಂಬ ಹಾಸಿದ ಬಟ್ಟೆಯ ಮೇಲೆ ಮರುಗದ ಸೊಪ್ಪು ಒಣಗುತ್ತಿತ್ತು. ಭಾವನ ಗಿಡಮೂಲಿಕೆ ಅಂಗಡಿಗೆ, ಕೆಮ್ಮಿನ ಕಷಾಯಕ್ಕೆ ಎಂದಳು. ಆ ಸೆಕೆಯಲ್ಲೂ ಕಿಟಕಿ ಮುಚ್ಚಿತ್ತು. ಬಚ್ಚಲಲ್ಲಿ ಅಸಿಟೋನ್ ಬಾಟಲಿಗಳು.

"ಇವು?"

"ಉಗುರುಬಣ್ಣ ಅಳಿಸೋಕೆ."

ಆಜಾನ್ ಕೇಳಿಸಿತು. ನಮಾಜಿಗೆ ಮುನ್ನ ತೊಳೆದುಕೊಳ್ಳಲು ಇನ್ಷಿರಾಳ ಕೈ ತಾನಾಗಿ ನಲ್ಲಿಗೆ ಹೋಯಿತು. ಶಾಹಿನಾಜ್ ಆ ಉಗುರುಗಳನ್ನೇ ನೋಡಿದಳು.

"ಬಣ್ಣ ಇದ್ರೆ ನೀರು ಉಗುರು ಮುಟ್ಟಲ್ಲ, ವುಜು ಆಗಲ್ಲ, ಹಾಜಿಮನ ತಾಯಿ. ಐದು ಹೊತ್ತು ನಮಾಜ್ ಮಾಡೋಳು ನೀನು. ಈ ಉಗುರು ಬಣ್ಣ ಕಂಡು ಎಷ್ಟು ವರ್ಷ ಆಯ್ತೋ. ಈ ಅಸಿಟೋನ್, ಮಾದಕದ ಪುಡಿ ಕರಗಿಸಿ ಸೊಪ್ಪಿಗೆ ಸಿಂಪಡಿಸೋಕೆ. ಸಿಂಪಡಿಸಿದ ಸೊಪ್ಪಿನ ವಾಸನೆ ಬೀದಿಗೆ ಹೋಗಬಾರದು ಅಂತ ಕಿಟಕಿ ಮುಚ್ಚಿದೆ. ಸೊಪ್ಪು ಮನೇಲೇ ಇತ್ತು. ಅದಕ್ಕೇ ನಿನ್ನ ಮಗ ಕಾಗದ ಒಂದನ್ನೇ ಕೊಂಡ."

ಇನ್ಷಿರಾ ನೆಲದ ಮೇಲೆ ಕೂತಳು.

"ಮನೆ ಭಾವಂದು. ಒಲ್ಲೆ ಅಂದ್ರೆ ತಾಯಿ ಮಗ ಇಬ್ರೂ ಬೀದಿಗೆ. ಹಾಜಿಮ್ ಮುಟ್ಟಲ್ಲ ಅಂದ್ಕೊಂಡಿದ್ದೆ ಮೇಡಂ. ಅಮ್ಮ ಒಣಗಿಸಿದ್ದು ಏನು ಮಾಡುತ್ತೆ ಅಂತ ನೋಡೋಕೆ ಸೇದಿದ್ದಾನೆ."

"ಪುಡಿ ಎಲ್ಲಿ? ಡಾಕ್ಟರು ಕಾಯ್ತಿದ್ದಾರೆ."

ಕೊಟ್ಟರೆ ಜೈಲು. ಕೊಡದಿದ್ದರೆ ಮಗನಿಲ್ಲ. ಅವಳು ಹಿಟ್ಟಿನ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ ಪೊಟ್ಟಣ ತೆಗೆದಳು. ಪೇದೆಯೊಬ್ಬ ಅದನ್ನು ಹಿಡಿದು ಆಸ್ಪತ್ರೆಗೆ ಓಡಿದ.

ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ರಜಬ್ ಒಳಬಂದ. ಪೊಲೀಸರನ್ನು ಕಂಡು ಮೆಲ್ಲಗೆ ನಕ್ಕ.

"ಪಾಪ, ಮಗನ ಚಿಂತೇಲಿ ಇವಳಿಗೆ ತಲೆ ನೆಟ್ಟಗಿಲ್ಲ. ಏನೇನೋ ಬಡಬಡಿಸಿರ್ತಾಳೆ."

ಇನ್ಷಿರಾ ಎದ್ದು ನಿಂತಳು. ಈ ಮನೆಯಲ್ಲಿ ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಸಿಂಪಡಿಸಿದ್ದು ಇವನು," ಎಂದಳು. "ಒಣಗಿಸಿದ್ದು ನಾನು. ಎರಡನ್ನೂ ಬರ್ಕೊಳ್ಳಿ."