ಅವಳಿ ಅಕ್ಕಂದಿರ ಎರಡು ಸಾಲು

“ಅಯ್ಯೋ, ಇಲ್ಲಿ ಬರೀ ಚೌಕ!”

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಚೂಟಿ ಕುರ್ಚಿಯ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಬೆಳಿಗ್ಗೆ ಮನೆಯ ಲ್ಯಾಪ್‌ಟಾಪ್ ಈ ಹಳೇ ಡೇಟಾಬೇಸ್ ಫೈಲನ್ನು ತೆರೆಯಲೇ ಇಲ್ಲ. ಇಲ್ಲಿ ತೆರೆಯಿತು, ಆದರೆ ಅಕ್ಷರಗಳ ಜಾಗದಲ್ಲೆಲ್ಲ ಚೌಕ, ಪ್ರಶ್ನೆಚಿಹ್ನೆ.

ಬೆಲ್ ಹೊಡೆಯಿತು. ಫೈಲ್ ಮುಚ್ಚುವಾಗ ಕಂಪ್ಯೂಟರ್ ಏನೋ ಕೇಳಿತು. ಗಡಿಬಿಡಿಯಲ್ಲಿ ‘ಸೇವ್’ ಒತ್ತಿಬಿಟ್ಟಳು. ಒತ್ತಿದ ಮೇಲೆ ಹೊಳೆಯಿತು. ಚೌಕಗಳೇ ಸೇವ್ ಆಗಿಬಿಟ್ಟರೆ?

ಅದು ಅಜ್ಜಿಯ ಫೈಲು. ಅಜ್ಜಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಅಲ್ಲಿ ಹುಟ್ಟಿದ ಪ್ರತಿ ಮಗುವಿನ ವಿವರವನ್ನೂ ಆಗಿನ ಕಂಪ್ಯೂಟರಿನಲ್ಲಿ ತಾವೇ ತುಂಬಿಸಿದ್ದರು. ಆಸ್ಪತ್ರೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಉಳಿದಿದ್ದು ಈ ಪೆನ್‌ಡ್ರೈವ್ ಒಂದೇ.

ಹಿಂದಿನ ಬೀದಿಯ ಅವಳಿ ಅಕ್ಕಂದಿರೂ ಅಲ್ಲೇ ಹುಟ್ಟಿದವರು. ಒಬ್ಬಳಿಗೆ ಬೇಕರಿ, ಇನ್ನೊಬ್ಬಳು ಬಸ್ ಡ್ರೈವರ್. ಯಾರು ದೊಡ್ಡವಳು ಎಂದು ಇಬ್ಬರಿಗೂ ಚಿಕ್ಕಂದಿನಿಂದ ಜಗಳ. ಅವರ ಅಮ್ಮ ನಕ್ಕು ಸುಮ್ಮನಾಗುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡರು. ಇವತ್ತು ಐದು ಗಂಟೆಗೆ ಇಬ್ಬರೂ ಫೈಲ್ ನೋಡಲು ಬರುವವರಿದ್ದರು.

“ಐದೇ ನಿಮಿಷದ ಕೆಲಸ ಅಜ್ಜಿ, ನಾನ್ ತೆರೆದ್ ಕೊಡ್ತೀನಿ” ಎಂದು ಜಂಬ ಕೊಚ್ಚಿದವಳು ಚೂಟಿಯೇ.

ಶಾಲೆ ಬಿಟ್ಟದ್ದೇ ತಡ, ಜೆರಾಕ್ಸ್ ಅಂಗಡಿಗೆ ಓಡಿದಳು. ಅಂಗಡಿಯ ಆಂಟಿ ಫೈಲ್ ಕ್ಲಿಕ್ಕಿಸಿದರು. ಪರದೆಯ ಮೇಲೆ ಒಂದು ಪುಟ್ಟ ಪ್ರಶ್ನೆ ಮೂಡಿತು.

“ಓಕೆ ಒತ್ತಿ ಆಂಟಿ, ಬೇಗ!”

“ತಡಿಯೇ, ಏನ್ ಕೇಳ್ತಿದೆ ಅಂತ ಓದ್ಬೇಡ್ವಾ? ಅಕ್ಷರ ಯಾವ ಬಗೆಯವು ಅಂತ ಕೇಳ್ತಿದೆ.”

ಲ್ಯಾಬಿನಲ್ಲಿ ಫೈಲ್ ತೆರೆಯುವಾಗಲೂ ಚೂಟಿ ಆ ಪ್ರಶ್ನೆಯನ್ನು ಕಂಡಿದ್ದಳು. ಓದದೆ ಓಕೆ ಒತ್ತಿದ್ದಳು.

“ಆಂಟಿ, ನಾನು... ಚೌಕ ಇದ್ದಾಗ್ಲೇ ಸೇವ್ ಮಾಡ್ಬಿಟ್ಟೆ” ಎಂದಳು.

ಆಂಟಿ ಅಲ್ಲಿದ್ದ ಬಗೆಗಳ ಪಟ್ಟಿಯಲ್ಲಿ ಒಂದೊಂದನ್ನೇ ಆರಿಸಿ ನೋಡಿದರು. ಚೌಕ. ಮತ್ತೆ ಚೌಕ. ಗೋಡೆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಏಳನೆಯ ಸಲ ಸಾಲುಸಾಲಾಗಿ ಅಕ್ಷರಗಳು ಮೂಡಿದವು.

“ನಿನ್ ಪುಣ್ಯ, ಏನೂ ಹಾಳಾಗಿಲ್ಲ. ಮೊದ್ಲು ಇನ್ನೊಂದು ಕಾಪಿ ಮಾಡ್ಕೋ” ಎಂದರು ಆಂಟಿ. ಆಮೇಲೆ ಚೂಟಿ ಹೇಳಿದಂತೆ ಅವಳಿಗಳ ಅಮ್ಮನ ಹೆಸರು ಹುಡುಕಿ, ಆ ಎರಡು ಸಾಲನ್ನು ಪ್ರಿಂಟ್ ತೆಗೆದುಕೊಟ್ಟರು.

ಚೂಟಿ ಏದುಸಿರು ಬಿಡುತ್ತಾ ಮನೆ ಸೇರಿದಾಗ ಅಕ್ಕಂದಿರಿಬ್ಬರೂ ಬಂದು ಕೂತಿದ್ದರು. ಡ್ರೈವರ್ ಅಕ್ಕ ಕಾಗದ ಕಸಿದುಕೊಂಡು ಜೋರಾಗಿ ಓದಿದಳು.

“ಮಗು ಒಂದು. ಹೆಣ್ಣು. ಬೆಳಿಗ್ಗೆ ಆರು ಹತ್ತು. ಅಳಲಿಲ್ಲ. ಮಗು ಎರಡು. ಹೆಣ್ಣು. ಆರು ಹದಿನಾಲ್ಕು. ಪಕ್ಕದಲ್ಲಿ ಮಲಗಿಸಿದೆವು. ಆಗ ಮೊದಲನೆಯದೂ ಅತ್ತಿತು.”

“ಹೆಸ್ರೆಲ್ಲಿ?” ಎಂದಳು ಬೇಕರಿ ಅಕ್ಕ.

ಅಜ್ಜಿ ಹಣೆ ಚಚ್ಚಿಕೊಂಡರು. “ಹುಟ್ಟಿದ ಗಳಿಗೇಲಿ ಹೆಸ್ರೆಲ್ಲಿರುತ್ತೆ? ನಂಗೆ ಹೊಳೀಲೇ ಇಲ್ವಲ್ಲಮ್ಮ!”

ಚೂಟಿಯ ಮುಖ ಬಾಡಿತು. ಇಷ್ಟೆಲ್ಲ ಓಡಿದ್ದು ದಂಡವಾಯಿತೇ? ‘ಸಾರಿ ಅಕ್ಕ’ ಎನ್ನಲು ಬಾಯಿ ತೆರೆದಳು.

ಬೇಕರಿ ಅಕ್ಕ ಕಾಗದವನ್ನು ತನ್ನತ್ತ ಎಳೆದುಕೊಂಡು ಕೊನೆಯ ಮಾತನ್ನು ಇನ್ನೊಮ್ಮೆ ಓದಿದಳು, ಮೆಲ್ಲಗೆ. ಡ್ರೈವರ್ ಅಕ್ಕ ಅವಳ ಭುಜಕ್ಕೆ ತಲೆಯಾನಿಸಿದಳು. ಯಾರು ದೊಡ್ಡವಳು ಎಂದು ಇಬ್ಬರೂ ಕೇಳಲಿಲ್ಲ.

ಚೂಟಿ ಅಜ್ಜಿಗೆ ಒರಗಿ ಕೂತಳು.